ಕೇಸು ವಜಾ ಆದಮೇಲೂ ಹೇಳಬೇಕಾ? ಒಬ್ಬ ಹುಡುಗನ ಮೂರು ಅರ್ಜಿಗಳು

2024ರ ಮಾರ್ಚ್ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಗೆಳತಿಯ ಫೋನ್ ಬಂತು. "ಸ್ವಲ್ಪ ಮನೆ ಕಡೆ ಬರ್ತೀಯಾ? ಮಗನ ಕೆಲಸದ ಅರ್ಜಿ ವಿಷಯ" ಎಂದಳು. ದನಿ ಕೇಳಿದ ಕೂಡಲೇ ಬರೀ ಅರ್ಜಿ ವಿಷಯ ಅಲ್ಲ ಅಂತ ಗೊತ್ತಾಯಿತು.

ನಾನು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿನ ನಗರಾಡಳಿತದಲ್ಲಿ ನೇಮಕಾತಿ ಕೆಲಸ ಮಾಡುತ್ತೇನೆ. ಹದಿನಾಲ್ಕು ವರ್ಷದಿಂದ ದಿನಾ ಅರ್ಜಿ ಓದುವುದೇ ಕೆಲಸ. ವಕೀಲೆ ಅಲ್ಲ. ಆದರೂ ನಮ್ಮ ಕನ್ನಡ ಬಳಗದಲ್ಲಿ ಸರ್ಕಾರಿ ಕೆಲಸದ ಫಾರ್ಮು ಅಂದರೆ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಈ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಕೆಲಸದ ಜಾಗ ಯಾವುದನ್ನೂ ಹೇಳುವುದಿಲ್ಲ.

ಹೋದಾಗ ಅಡುಗೆಮನೆ ಮೇಜಿನ ಮೇಲೆ ಮೂರು ಕಟ್ಟು ಕಾಗದ ಇತ್ತು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅವನಿಗೆ 26 ವರ್ಷ. ಇಲ್ಲೇ ಹುಟ್ಟಿದವನು, ಎನ್‌ವಿರಾನ್‌ಮೆಂಟಲ್ ಇಂಜಿನಿಯರಿಂಗ್ ಓದಿದ್ದಾನೆ. ಚಿಕ್ಕಂದಿನಿಂದ ಕಾಡು, ಮರ ಅಂದರೆ ಪ್ರಾಣ. ಅಪ್ಪ ಅಮ್ಮ ಹಾಸನದ ಕಡೆಯವರು. ಅಜ್ಜಿ ಇನ್ನೂ ಅಲ್ಲೇ ಇದ್ದಾರೆ.

ನಾಲ್ಕೂವರೆ ವರ್ಷದ ಹಿಂದೆ ಅವನಿಗೆ ಏನಾಗಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಆವತ್ತೇ ಗೊತ್ತಾಗಿದ್ದು.

2019ರ ಅಕ್ಟೋಬರ್ ಕೊನೆ, ಹ್ಯಾಲೋವೀನ್ ರಾತ್ರಿ. ಕಾಲೇಜಿನ ಕೊನೆಯ ವರ್ಷ. ಗೆಳೆಯನ ಕಾರನ್ನು ಪೊಲೀಸರು ನಿಲ್ಲಿಸಿದರು. ಇವನ ಜಾಕೆಟ್ ಜೇಬಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು, ಅದರಲ್ಲಿ ಕೊಕೇನ್. ಮಾರಾಟಕ್ಕೆ ಇಟ್ಟಿದ್ದಲ್ಲ, ಸ್ವಂತಕ್ಕೆ. ಬೆರಳಚ್ಚು ತೆಗೆದುಕೊಂಡರು, ಬೆಳಗಿನ ಜಾವ ಬಿಟ್ಟರು. ಕ್ಯಾಲಿಫೋರ್ನಿಯಾದ ಹೆಲ್ತ್ ಆ್ಯಂಡ್ ಸೇಫ್ಟಿ ಕೋಡ್ 11350ರ ಕೇಸು ಬಿತ್ತು. 2014ರಲ್ಲಿ ಜನ ಓಟು ಹಾಕಿ ಪ್ರಾಪೊಸಿಷನ್ 47 ಪಾಸು ಮಾಡಿದ ಮೇಲೆ ಇದು ಸಾಮಾನ್ಯವಾಗಿ ಸಣ್ಣ ಅಪರಾಧದ ಲೆಕ್ಕ. ಆದರೂ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಜೈಲಿನಲ್ಲಿ ಒಂದು ವರ್ಷದ ತನಕ ಶಿಕ್ಷೆ ಆಗಬಹುದು.

ಕೋರ್ಟಿನಲ್ಲಿ ಇವನ ಪರ ವಾದಿಸಲು ಸರ್ಕಾರ ಕೊಟ್ಟ ವಕೀಲರು ಡೈವರ್ಷನ್ ಕೇಳಿದರು. ಡೈವರ್ಷನ್ ಅಂದರೆ ಕೇಸನ್ನು ಶಿಕ್ಷೆಯ ದಾರಿಯಿಂದ ತಿರುಗಿಸಿ, ತಿದ್ದಿಕೊಳ್ಳುವ ದಾರಿಗೆ ಹಾಕುವುದು. ಇಲ್ಲಿನ ಪೀನಲ್ ಕೋಡ್ 1000ರಲ್ಲಿ ಅದಕ್ಕೆ ಅವಕಾಶ ಇದೆ. ಹನ್ನೆರಡರಿಂದ ಹದಿನೆಂಟು ತಿಂಗಳು ಡ್ರಗ್ಸ್ ಕುರಿತ ತರಗತಿಗೆ ಹೋಗಬೇಕು, ಹೇಳಿದ ಹಾಗೆ ನಡೆದುಕೊಳ್ಳಬೇಕು, ಹೊಸ ತಪ್ಪು ಮಾಡಬಾರದು. ಮುಗಿಸಿದರೆ ಕೇಸು ವಜಾ. ಹುಡುಗ ಮುಗಿಸಿದ. ಕೋವಿಡ್ ಕಾಲ, ತರಗತಿ ಎಲ್ಲ ಜೂಮ್‌ನಲ್ಲಿ. 2021ರ ವಸಂತದಲ್ಲಿ ಕೇಸು ವಜಾ ಆಯಿತು.

ಇಲ್ಲಿ ಒಂದು ತಾರೀಖು ಬಹಳ ಮುಖ್ಯ: 2018ರ ಜನವರಿ 1. ಅದಕ್ಕೆ ಮುಂಚೆ ಇದೇ ಕಾನೂನಿನಲ್ಲಿ ಮೊದಲು "ತಪ್ಪು ಮಾಡಿದ್ದೇನೆ" ಅಂತ ಒಪ್ಪಿಕೊಳ್ಳಬೇಕಿತ್ತು. ಅಂದಿನಿಂದ ಆ ನಿಯಮ ಹೋಯಿತು. ಈಗ "ತಪ್ಪಿತಸ್ಥ ಅಲ್ಲ" ಎಂದೇ ಹೇಳಿ ಡೈವರ್ಷನ್‌ಗೆ ಹೋಗಬಹುದು. ನಮ್ಮ ಹುಡುಗ ತಪ್ಪೊಪ್ಪಿಗೆ ಕೊಟ್ಟೇ ಇಲ್ಲ. ಹಾಗಾಗಿ ಅವನಿಗೆ ಶಿಕ್ಷೆ (ಇಲ್ಲಿನ ಫಾರ್ಮುಗಳ ಮಾತಿನಲ್ಲಿ ಕನ್ವಿಕ್ಷನ್, ಅಂದರೆ ಕೋರ್ಟು ತಪ್ಪಿತಸ್ಥ ಎಂದು ತೀರ್ಮಾನಿಸುವುದು) ಆಗಿದೆ ಅಂತ ಎಲ್ಲೂ ದಾಖಲೆ ಇಲ್ಲ. ಯಾಕೆಂದರೆ ಶಿಕ್ಷೆ ಆಗಿಲ್ಲ.

ಇಷ್ಟು ಕೇಳಿದ ಮೇಲೆ ಅವರಪ್ಪ ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ವಜಾ ಆದಾಗ ಸಿಕ್ಕ ಕಾಗದ. ಡೈವರ್ಷನ್ ಮುಗಿಸಿದವನ ಬಂಧನ ನಡೆದೇ ಇಲ್ಲ ಎಂದು ತಿಳಿಯಬೇಕು, ಹಳೇ ಕ್ರಿಮಿನಲ್ ದಾಖಲೆ ಬಗ್ಗೆ ಯಾರಾದರೂ ಕೇಳಿದರೆ ಬಂಧನವಾಗಿಲ್ಲ, ಡೈವರ್ಷನ್ ಆಗಿಲ್ಲ ಎಂದು ಉತ್ತರಿಸಬಹುದು ಅನ್ನೋದು ಅದರ ಸಾರ. "ಕೋರ್ಟೇ ಇಲ್ಲ ಅಂದಮೇಲೆ ಇವನ್ಯಾಕೆ ಹೌದು ಅಂತ ಬರೀಬೇಕು, ನೀವೇ ಹೇಳಿ" ಎಂದರು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನನಗೆ ಸಿಟ್ಟು ಬರಲಿಲ್ಲ, ಸಂಕಟ ಆಯಿತು. ಆ ಕಾಗದ ನಿಜ ಹೇಳುತ್ತದೆ. ಆದರೆ ಅದು ಎಲ್ಲಿಯ ತನಕ ನಡೆಯುತ್ತದೆ ಅನ್ನೋದನ್ನು ಮೊದಲ ಸಾಲಿನಲ್ಲಿ ಹೇಳುವುದಿಲ್ಲ. ಆವತ್ತು ಮಧ್ಯಾಹ್ನ ಪೂರ್ತಿ ನಾವು ಮಾಡಿದ್ದು ಒಂದೇ ಕೆಲಸ. ಮೂರು ಫಾರ್ಮಿನಲ್ಲೂ ಆ ಪ್ರಶ್ನೆ ಹುಡುಕಿ, ಪ್ರತಿ ಪದಕ್ಕೂ ಬೆರಳಿಟ್ಟು ಓದಿದೆವು.

ಮೊದಲನೆಯದು ಒಂದು ಕೌಂಟಿಯ ಪರಿಸರ ಆರೋಗ್ಯ ವಿಭಾಗದ ಕೆಲಸ. ಇದು ಸಲೀಸು. ಕ್ಯಾಲಿಫೋರ್ನಿಯಾದ ಲೇಬರ್ ಕೋಡ್ 432.7ರ ಪ್ರಕಾರ ಶಿಕ್ಷೆಯಾಗದ ಬಂಧನದ ಬಗ್ಗೆ, ಡೈವರ್ಷನ್ ಬಗ್ಗೆ ಕೆಲಸ ಕೊಡುವವರು ಕೇಳುವ ಹಾಗೇ ಇಲ್ಲ. ಇದು ಸರ್ಕಾರಿ ಕಚೇರಿಗೂ ಅನ್ವಯ. ಪೊಲೀಸ್ ಕೆಲಸ, ಆಸ್ಪತ್ರೆಯ ಕೆಲವು ಕೆಲಸದಂಥ ವಿನಾಯಿತಿಗಳಿವೆ. ಇದು ಅದಕ್ಕೆ ಸೇರಲ್ಲ. ಆ ಫಾರ್ಮಿನಲ್ಲಿ ಕೇಳಿದ್ದು "ಶಿಕ್ಷೆ ಆಗಿದೆಯೇ" ಎಂದು ಮಾತ್ರ. ಉತ್ತರ: ಇಲ್ಲ. ಅಲ್ಲಿಗೆ ಮುಗಿಯಿತು.

ಹುಡುಗ ಆಗ ಮೊದಲ ಸಲ ತಲೆ ಎತ್ತಿದ. "ಆಂಟಿ, ಇದು ಸುಳ್ಳು ಹೇಳಿದ ಹಾಗೆ ಆಗಲ್ವಾ?" ಅಂದ. ಆಗಲ್ಲಪ್ಪ ಎಂದೆ. ಅವರು ಕೇಳಿದ್ದಕ್ಕೆ ನಿಜವಾದ ಉತ್ತರವೇ ಅದು. ಕೇಳದ್ದನ್ನು ಕರೆದು ಹೇಳಬೇಕಾಗಿಲ್ಲ. ನನ್ನ ಮೇಜಿಗೂ ಇಂಥ ಅರ್ಜಿ ಬರುತ್ತದೆ. ಕೆಲವರು ಪಾಪ, ಒಂದು ಪುಟ ಹಳೇ ಕಥೆ ಬರೆದು ಕಳಿಸಿರುತ್ತಾರೆ. ಬೇಡವಾದ ಅದನ್ನು ನಾನು ಓದಬಾರದಿತ್ತು, ಆದರೆ ಓದಿಬಿಟ್ಟಿರುತ್ತೇನೆ. ಪ್ರಾಮಾಣಿಕತೆ ಅಂದರೆ ಎಲ್ಲರೆದುರು ಎಲ್ಲ ಹೇಳುವುದು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸಲ್ಲ.

ಎರಡನೆಯದೇ ಇವನ ಆಸೆಯ ಕೆಲಸ. ಸ್ಟೇಟ್ ಪಾರ್ಕ್ ರೇಂಜರ್. ರೆಡ್‌ವುಡ್ ಮರಗಳ ನಡುವೆ ಹ್ಯಾಟ್ ಹಾಕಿಕೊಂಡು ಓಡಾಡುವ ಕೆಲಸ ಎಂದಷ್ಟೇ ನಾವೆಲ್ಲ ತಿಳಿದಿದ್ದೆವು. ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಪಾರ್ಕ್ ರೇಂಜರ್ ಕಾನೂನಿನ ಲೆಕ್ಕದಲ್ಲಿ ಪೀಸ್ ಆಫೀಸರ್, ಅಂದರೆ ಪೊಲೀಸ್ ಅಧಿಕಾರ ಇರುವವನು. ಪೀನಲ್ ಕೋಡ್ 830ರಿಂದ ಶುರುವಾಗುವ ಪಟ್ಟಿಯಲ್ಲಿ ಅವನ ಹೆಸರೂ ಇದೆ. ವನ್ಯಜೀವಿ ವಾರ್ಡನ್, ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾದಲ್ಲಿ ಇರುವುದು) ಅಧಿಕಾರಿ, ವಿಶ್ವವಿದ್ಯಾಲಯದ ಪೊಲೀಸ್ ಎಲ್ಲರೂ ಅದರಲ್ಲೇ ಬರುತ್ತಾರೆ.

ಅಪ್ಪ ತೋರಿಸಿದ ಕಾಗದದ ಕೆಳಗಿನ ಪ್ಯಾರಾ ಇದೇ ವಿಷಯದ್ದು. ಪೀಸ್ ಆಫೀಸರ್ ಕೆಲಸಕ್ಕೆ ಅರ್ಜಿ ಹಾಕಿದಾಗ ನೇರವಾಗಿ ಕೇಳಿದರೆ ಬಂಧನದ ವಿಷಯ ಹೇಳಲೇಬೇಕು. ರಾಜ್ಯದ ನ್ಯಾಯ ಇಲಾಖೆಯೂ ಅದನ್ನು ಅವರಿಗೆ ತಿಳಿಸಬಹುದು. ಅಕ್ಷರ ಮೇಲಿನಷ್ಟೇ ದೊಡ್ಡದು, ಭಾಷೆಯೂ ಕಷ್ಟದ್ದಲ್ಲ. ಆದರೆ ಮನೆಯಲ್ಲಿ ಮೂವರೂ ಮೇಲಿನ ಪ್ಯಾರಾ ಓದಿ ಸಮಾಧಾನ ಪಟ್ಟುಕೊಂಡು ಹಾಳೆ ಮಡಚಿಟ್ಟಿದ್ದರು. ಅದನ್ನು ತಪ್ಪು ಅಂತ ಹೇಗೆ ಹೇಳಲಿ? ಅಷ್ಟು ದಿನ ಉಸಿರು ಬಿಗಿಹಿಡಿದಿದ್ದವರು.

ಹುಡುಗ ಮೆಲ್ಲಗೆ ಹೇಳಿದ: "ಆಂಟಿ, ಈ ಫಾರ್ಮು ಹೋದ ವಾರವೇ ಕಳಿಸಿಬಿಟ್ಟೆ."

ಏನು ಬರೆದಿದ್ದೀಯ ಎಂದೆ. "ಇಲ್ಲ" ಅಂತ.

ಅವರಮ್ಮ ಕೈಯಲ್ಲಿದ್ದ ಮಜ್ಜಿಗೆ ಲೋಟ ಹಾಗೇ ಮೇಜಿನ ಮೇಲಿಟ್ಟಳು. ಯಾರೂ ಮಾತಾಡಲಿಲ್ಲ. ಬಂದ ಕೆಲಸ ಈಗ ಶುರುವಾಯಿತು ಅನ್ನಿಸಿತು ನನಗೆ.

ಇಂಥ ಹೊತ್ತಿನಲ್ಲಿ ಎಲ್ಲರಿಗೂ ಬರುವ ಯೋಚನೆ ಒಂದೇ. ಸುಮ್ಮನಿರೋಣ, ಗೊತ್ತಾದಾಗ ನೋಡೋಣ. ಅಪ್ಪ ಅದನ್ನೇ ಹೇಳಿದರು. ನಾನು ಒಪ್ಪಲಿಲ್ಲ. ಬಂಧನವಾದ ರಾತ್ರಿ ತೆಗೆದ ಬೆರಳಚ್ಚು ರಾಜ್ಯದ ನ್ಯಾಯ ಇಲಾಖೆಯಲ್ಲಿದೆ. ಅರ್ಜಿ ಮುಂದೆ ಹೋದರೆ ಇವನ ಬೆರಳಚ್ಚು ಮತ್ತೆ ತೆಗೆಯುತ್ತಾರೆ, ಎರಡೂ ಹೊಂದುತ್ತವೆ. ಆಮೇಲೆ ಇವನು ಹೇಳುವುದಕ್ಕೂ ಈಗಲೇ ತಾನಾಗಿ ಹೇಳುವುದಕ್ಕೂ ಅಜಗಜಾಂತರ. ಪೊಲೀಸ್ ಅಧಿಕಾರದ ಕೆಲಸಕ್ಕೆ ಹುಡುಗ 21ನೇ ವಯಸ್ಸಿನಲ್ಲಿ ಮಾಡಿದ್ದು ಒಂದು ತೂಕ, 26ನೇ ವಯಸ್ಸಿನಲ್ಲಿ ಬರೆದ ಸುಳ್ಳು ಇನ್ನೊಂದು ತೂಕ. ನಾಳೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದ ಅಧಿಕಾರಿಯ ಮಾತನ್ನು ನಂಬಬಹುದೇ ಅನ್ನೋದೇ ಅವರಿಗೆ ಮೊದಲ ಪ್ರಶ್ನೆ.

ಸೋಮವಾರ ಒಬ್ಬ ವಕೀಲರಿಗೆ ದುಡ್ಡು ಕೊಟ್ಟು ಒಂದು ಗಂಟೆ ಮಾತಾಡಿದರು. ಅವರೂ ಇದನ್ನೇ ಹೇಳಿದರು. ಮಂಗಳವಾರ ಹುಡುಗ ಒಂದು ಪತ್ರ ಬರೆದ. ನನಗೆ ತೋರಿಸಿದ ಮೊದಲ ಕರಡು ಎರಡು ಪುಟ ಇತ್ತು. ಕೋವಿಡ್, ಗೆಳೆಯರ ಸಹವಾಸ, ಪರೀಕ್ಷೆಯ ಒತ್ತಡ ಎಲ್ಲ ಅದರಲ್ಲಿತ್ತು. ಅದೆಲ್ಲ ತೆಗೆಸಿದೆ. ಉಳಿದಿದ್ದು ಆರು ಸಾಲು. ಇಂಥ ಪ್ರಶ್ನೆಗೆ "ಇಲ್ಲ" ಎಂದು ಉತ್ತರಿಸಿದ್ದೆ. ಡೈವರ್ಷನ್ ಮುಗಿದದ್ದರಿಂದ ಹೇಳಬೇಕಿಲ್ಲ ಎಂದು ತಪ್ಪಾಗಿ ತಿಳಿದಿದ್ದೆ. ಸರಿಯಾದ ಉತ್ತರ "ಹೌದು". ಬಂಧನದ ದಿನ, ಕೇಸಿನ ಸೆಕ್ಷನ್, ವಜಾ ಆದ ದಿನ ಇವು. ಕೋರ್ಟಿನ ಆದೇಶದ ದೃಢೀಕೃತ ಪ್ರತಿ ಜೊತೆಗಿದೆ. ಉತ್ತರ ತಿದ್ದಿಕೊಳ್ಳಲು ಅವಕಾಶ ಕೊಡಿ.

ಆ ಸುತ್ತಿನಲ್ಲಿ ಅವನಿಗೆ ಕೆಲಸ ಸಿಗಲಿಲ್ಲ. ತಿದ್ದುಪಡಿ ಸೇರಿಸಿಕೊಂಡಿದ್ದೇವೆ, ಮುಂದೆ ಮತ್ತೆ ಅರ್ಜಿ ಹಾಕಬಹುದು ಎಂದು ಉತ್ತರ ಬಂತು. ಆ ರಾತ್ರಿ ಹುಡುಗ ಅತ್ತನಂತೆ. ನನಗೂ ಬೇಜಾರಾಯಿತು. ನಿಜ ಹೇಳಿದ ಮೇಲೆ ಎಲ್ಲ ಸರಿಹೋಯಿತು ಅಂತ ಬರೆಯುವ ಆಸೆ ನನಗೂ ಇದೆ. ಆದರೆ ನಡೆದದ್ದು ಇದು.

ಮೂರನೆಯದು ನೌಕಾಪಡೆಯ ಒಂದು ನೆಲೆಯಲ್ಲಿ, ಪಡೆಗೆ ಸೇರದೆ ಮಾಡುವ ಇಂಜಿನಿಯರ್ ಕೆಲಸ. ಅದಕ್ಕೆ 'ಸೀಕ್ರೆಟ್' ಮಟ್ಟದ ಸೆಕ್ಯೂರಿಟಿ ಕ್ಲಿಯರೆನ್ಸ್, ಅಂದರೆ ಗುಟ್ಟಿನ ಮಾಹಿತಿ ನೋಡಲು ಸರ್ಕಾರದ ಅನುಮತಿ, ಬೇಕು. ಇದು ಒಕ್ಕೂಟ ಸರ್ಕಾರದ್ದು, ನಮ್ಮ ಕಡೆ ಹೇಳುವ ಹಾಗೆ ಸೆಂಟ್ರಲ್ ಗೌರ್ಮೆಂಟು. ರಾಜ್ಯದ ಕಾನೂನು "ನಡೆದೇ ಇಲ್ಲ ಎನ್ನಬಹುದು" ಎಂದರೂ ಇವರ ಪ್ರಶ್ನೆಗೆ ಅದು ರಕ್ಷಣೆ ಕೊಡಲ್ಲ.

ಇಲ್ಲಿ ಒಂದೇ ಕೆಲಸಕ್ಕೆ ಎರಡು ಫಾರ್ಮು. ಅವೆರಡಕ್ಕೂ ಉತ್ತರ ಬೇರೆ ಬೇರೆ ಅನ್ನೋದೇ ಜನರನ್ನು ಎಡವಿಸುತ್ತದೆ. ಮೊದಲು ಒಎಫ್ 306, ಒಕ್ಕೂಟದ ಕೆಲಸಕ್ಕೆ ಸೇರುವವರು ಕೊಡುವ ಘೋಷಣೆ. ಕಳೆದ 7 ವರ್ಷದಲ್ಲಿ ಶಿಕ್ಷೆ ಆಗಿದೆಯೇ, ಜೈಲು, ಪ್ರೊಬೇಷನ್, ಪೆರೋಲ್ ಇತ್ತೇ ಎಂದು ಅದು ಕೇಳುತ್ತದೆ. ಈಗ ಯಾವುದಾದರೂ ಕೇಸು ನಡೆಯುತ್ತಿದೆಯೇ ಎಂದು ಇನ್ನೊಂದು ಪ್ರಶ್ನೆ. ಇವನಿಗೆ ಇದಾವುದೂ ಇಲ್ಲ. ತಪ್ಪೊಪ್ಪಿಗೆ ಇಲ್ಲದ ಡೈವರ್ಷನ್ ಶಿಕ್ಷೆಯೂ ಅಲ್ಲ, ಪ್ರೊಬೇಷನ್ನೂ ಅಲ್ಲ. ವಕೀಲರನ್ನು ಕೇಳಿಯೇ "ಇಲ್ಲ" ಎಂದು ಬರೆದ. 2018ಕ್ಕಿಂತ ಹಿಂದಿನ ಕೇಸು, ಒಪ್ಪಿಗೆ ಕೊಟ್ಟದ್ದು ಆಗಿದ್ದರೆ ಇಷ್ಟು ಸುಲಭವಾಗಿ ಹೇಳಲು ಆಗುತ್ತಿರಲಿಲ್ಲ.

ಆಮೇಲೆ ಎಸ್‌ಎಫ್ 86, ಕ್ಲಿಯರೆನ್ಸ್‌ಗಾಗಿ ನಮ್ಮ ಹಿನ್ನೆಲೆ ಪೂರ್ತಿ ತಿಳಿಸುವ ಫಾರ್ಮು. ನೂರಕ್ಕೂ ಹೆಚ್ಚು ಪುಟ. ನಮಗೆ ಬೇಕಾದ್ದು 22 ಮತ್ತು 23ನೇ ಭಾಗ. 22ರ ಶುರುವಿನಲ್ಲೇ ಒಂದು ಮಾತಿದೆ. ದಾಖಲೆ ಮುಚ್ಚಿದ್ದರೂ, ಅಳಿಸಿದ್ದರೂ, ಆರೋಪ ವಜಾ ಆಗಿದ್ದರೂ ಹೇಳಿ ಎಂದು. ಒಕ್ಕೂಟ ಸರ್ಕಾರದ್ದೇ ಡ್ರಗ್ಸ್ ಕಾನೂನಿನಲ್ಲಿ ಶಿಕ್ಷೆಯಾಗಿ, ಅದನ್ನು ಅಳಿಸಲು ಕೋರ್ಟೇ ಆದೇಶ ಕೊಟ್ಟಿದ್ದರೆ ಮಾತ್ರ ವಿನಾಯಿತಿ. ಇವನದು ರಾಜ್ಯದ ಕೇಸು, ಅನ್ವಯಿಸಲ್ಲ. ಬಂಧನದ ಪ್ರಶ್ನೆಗೆ 7 ವರ್ಷದ ಮಿತಿ ಇದೆ. ಆದರೆ ಮದ್ಯ ಅಥವಾ ಡ್ರಗ್ಸ್ ಆರೋಪದ ಪ್ರಶ್ನೆಗೆ ಮಿತಿಯೇ ಇಲ್ಲ. ಅಲ್ಲಿ 'ಎವರ್' ಅಂತ ದೊಡ್ಡಕ್ಷರದಲ್ಲಿ ಹಾಕಿದ್ದಾರೆ. ಎಂದಾದರೂ, ಯಾವತ್ತಾದರೂ ಎಂದು ಅರ್ಥ. ಹುಡುಗ ಆ ಒಂದು ಪದಕ್ಕೆ ಹಳದಿ ಮಾರ್ಕರ್ ಹಚ್ಚಿದ. "ಅಂದರೆ ನಲವತ್ತು ವರ್ಷ ಆದರೂ ಹೌದು ಅಂತಲೇ ಬರೀಬೇಕಾ?" ಎಂದ. ಪ್ರಶ್ನೆ ಹೀಗೇ ಇದ್ದರೆ, ಹೌದು.

23ನೇ ಭಾಗ ಕೇಸಿನ ಬಗ್ಗೆ ಅಲ್ಲ, ಸೇವನೆ ಬಗ್ಗೆ. ಕಳೆದ 7 ವರ್ಷದಲ್ಲಿ ಏನು ತೆಗೆದುಕೊಂಡಿರಿ, ಮೊದಲು ಯಾವಾಗ, ಕೊನೆಗೆ ಯಾವಾಗ, ಎಷ್ಟು ಸಲ, ಮುಂದೆ ತೆಗೆದುಕೊಳ್ಳುವ ಯೋಚನೆ ಇದೆಯೇ. ಕೊಕೇನ್ ಎರಡು ಸಲ, ಕೊನೆಯದು 2019ರ ಅಕ್ಟೋಬರ್ ಎಂದು ಹೇಳಿದ. ಗಾಂಜಾ? ಅವನು ನನ್ನ ಮುಖ ನೋಡಿದ. "ಅದು ಇಲ್ಲಿ ಅಂಗಡೀಲೇ ಸಿಗುತ್ತಲ್ವಾ ಆಂಟಿ?" ಸಿಗುತ್ತದೆ. 2016ರಲ್ಲಿ ಪ್ರಾಪೊಸಿಷನ್ 64 ಪಾಸಾದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡವರಿಗೆ ಅದು ಕಾನೂನುಬದ್ಧ. ಒಕ್ಕೂಟದ ಕಾನೂನಿನಲ್ಲಿ ಅಲ್ಲ. ಫಾರ್ಮು ಕೇಳುವುದು ಒಕ್ಕೂಟದ ಲೆಕ್ಕ. 2023ರಲ್ಲಿ ಗೆಳೆಯನ ಮದುವೆಯಲ್ಲಿ ಸೇದಿದ್ದನ್ನೂ ಬರೆದ. ಅಮ್ಮ ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಮಗನ ಬಾಯಿಂದ ಅವಳು ಅದನ್ನು ಮೊದಲ ಸಲ ಕೇಳಿದ್ದು.

ಈ ಭಾಗದಲ್ಲಿ ಒಂದು ಭರವಸೆಯೂ ಇದೆ, ಅದನ್ನು ಅವಳಿಗೆ ಓದಿ ಹೇಳಿದೆ. ಇಲ್ಲಿ ನಿಜ ಬರೆದರೆ ಆ ಉತ್ತರವನ್ನು ಮುಂದೆ ಕ್ರಿಮಿನಲ್ ಕೇಸಿನಲ್ಲಿ ಸಾಕ್ಷಿಯಾಗಿ ಬಳಸಲ್ಲ. ಸುಳ್ಳು ಬರೆದರೆ ಅದೇ ಬೇರೆ ಅಪರಾಧ. ಐದು ವರ್ಷದ ತನಕ ಜೈಲಾಗಬಹುದು. ಒಕ್ಕೂಟದ ಕೆಲಸಗಳಿಂದ ಮೂರು ವರ್ಷದವರೆಗೆ ದೂರ ಇಡಲೂಬಹುದು.

ಅವಳ ನಿಜವಾದ ಹೆದರಿಕೆ ಬೇರೆಯಿತ್ತು. ನಿಮ್ಮನ್ನು ಚೆನ್ನಾಗಿ ಬಲ್ಲ ಮೂವರ ಹೆಸರು ಕೊಡಿ ಎಂದು ಎಸ್‌ಎಫ್ 86 ಕೇಳುತ್ತದೆ. ತನಿಖೆಯವರು ಅವರನ್ನು ಮಾತಾಡಿಸಬಹುದು, ಡ್ರಗ್ಸ್ ಬಗ್ಗೆಯೂ ಕೇಳಬಹುದು. "ಕನ್ನಡ ಕೂಟದಲ್ಲಿ ಗೊತ್ತಾದರೆ? ಯುಗಾದಿಗೆ ಹೋದಾಗ ಎಲ್ಲರೂ ನಮ್ಮನ್ನೇ ನೋಡ್ತಾರೆ. ಊರಲ್ಲಿ ಅತ್ತೆಗೆ ಗೊತ್ತಾದರೆ?" ಎಂದಳು. ಇದನ್ನು ಹಗುರ ಮಾಡಿ ಹೇಳಲು ನನಗೆ ಮನಸ್ಸಿಲ್ಲ. ನಮ್ಮಲ್ಲಿ ಮಗನ ತಪ್ಪು ಮನೆಯದೇ ತಪ್ಪಾಗುತ್ತದೆ. ಎಷ್ಟೋ ಮನೆಯಲ್ಲಿ ಮಕ್ಕಳು ಸುಳ್ಳು ಬರೆಯುವುದು ಸರ್ಕಾರಕ್ಕೆ ಹೆದರಿ ಅಲ್ಲ, ಅಮ್ಮನಿಗೆ ಹೆದರಿ. ಮೂವರಲ್ಲಿ ನನ್ನ ಹೆಸರೂ ಹಾಕು ಎಂದೆ. ಉಳಿದಿಬ್ಬರು ಅವನ ಕಾಲೇಜಿನ ಗೆಳೆಯರು. ಆ ರಾತ್ರಿಯ ವಿಷಯ ಅವರಿಗೆ ಮೊದಲೇ ಗೊತ್ತಿತ್ತು.

ಹುಡುಗ ತುಂಬಿದ ಫಾರ್ಮು ಕಳಿಸಿದ ಮೇಲೆ ತನಿಖಾಧಿಕಾರಿ ಕರೆ ಮಾಡಿ ಮಾತಾಡಿದರು. ಕಾಗದಗಳು ಸಿದ್ಧ ಇದ್ದವು. ವಜಾ ಆದೇಶದ ದೃಢೀಕೃತ ಪ್ರತಿ, ತರಗತಿ ಮುಗಿಸಿದ ಪ್ರಮಾಣಪತ್ರ, ರೇಂಜರ್ ಕೆಲಸಕ್ಕೆ ಬರೆದ ತಿದ್ದುಪಡಿ ಪತ್ರ. ಆ ಪತ್ರದ ವಿಷಯವನ್ನೂ ಅವನೇ ಹೇಳಿದ. ಕ್ಲಿಯರೆನ್ಸ್ ತೀರ್ಮಾನಕ್ಕೆ 2017ರಿಂದ ಇರುವ ಮಾರ್ಗಸೂಚಿಯಲ್ಲಿ ಡ್ರಗ್ಸ್‌ಗೆ ಒಂದು ಅಂಶ, ಅಪರಾಧಕ್ಕೆ ಒಂದು, ನಡತೆಗೆ ಇನ್ನೊಂದು ಇದೆ. ಬಿಟ್ಟ ವಿಷಯವನ್ನು ಯಾರೂ ಎತ್ತಿ ತೋರಿಸುವ ಮೊದಲೇ ತಾನಾಗಿ ಸರಿಪಡಿಸಿದರೆ ಅದನ್ನು ಪರವಾಗಿ ಪರಿಗಣಿಸುತ್ತಾರೆ. ರೇಂಜರ್ ಕೆಲಸ ತಪ್ಪಿಸಿದ ಆ ಆರು ಸಾಲು ಇಲ್ಲಿ ಅವನ ಕೈಹಿಡಿಯಿತು ಅಂತ ನನ್ನ ನಂಬಿಕೆ. ತಿಂಗಳುಗಟ್ಟಲೆ ಕಾದ ಮೇಲೆ ಕ್ಲಿಯರೆನ್ಸ್ ಬಂತು.

ಈ ಕಥೆಯನ್ನು ಓದಿ ಹಾಗೇ ನಕಲು ಮಾಡಬಾರದ ಒಂದು ಗುಂಪಿದೆ. ಎಚ್1ಬಿ, ಗ್ರೀನ್ ಕಾರ್ಡ್ ಮೇಲೆ ಇರುವವರು, ಅವರ ಮಕ್ಕಳು. ಈ ಹುಡುಗ ಅಮೆರಿಕದ ಪ್ರಜೆ. ಪ್ರಜೆ ಅಲ್ಲದವರು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ಆಮೇಲೆ ಕೇಸು ವಜಾ ಆದರೂ, ವಲಸೆ ಕಾನೂನು ಅದನ್ನು ಶಿಕ್ಷೆ ಎಂದೇ ಎಣಿಸಬಹುದು. ಪೌರತ್ವದ ಅರ್ಜಿಯಲ್ಲಿ ಹಳೇ ಬಂಧನವನ್ನೂ ಕೇಳುತ್ತಾರೆ. ಡ್ರಗ್ಸ್ ತೆಗೆದುಕೊಂಡಿದ್ದೆ ಎಂದು ಒಪ್ಪಿಕೊಳ್ಳುವುದೇ ಅವರಿಗೆ ತೊಂದರೆ ತರಬಹುದು. ಅವರು ಯಾವ ಫಾರ್ಮಿಗೂ ಪೆನ್ನು ಮುಟ್ಟಿಸುವ ಮೊದಲು ವಲಸೆ ವಕೀಲರ ಹತ್ತಿರ ಹೋಗಬೇಕು. ನನ್ನಂಥವರ ಹತ್ತಿರ ಅಲ್ಲ.

ಹುಡುಗನ ಚಿಕ್ಕಪ್ಪ ಊರಿನಲ್ಲಿ ಪೊಲೀಸ್ ಇಲಾಖೆಯಲ್ಲಿದ್ದಾರೆ. ಅವರಿಗೆ ಮಾತ್ರ ವಿಷಯ ಗೊತ್ತು. "ನಮ್ಮಲ್ಲೂ ಹೀಗೇ ಅಲ್ವಾ" ಎಂದರಂತೆ. ಬಹುಮಟ್ಟಿಗೆ ಹೌದು. ಭಾರತದ ಸರ್ಕಾರಿ ಕೆಲಸದ ದೃಢೀಕರಣ ನಮೂನೆಯಲ್ಲಿ ಎಂದಾದರೂ ಬಂಧನವಾಗಿದೆಯೇ, ಕೇಸು ನಡೆದಿದೆಯೇ ಎಂದೇ ಕೇಳುತ್ತಾರೆ. ಖುಲಾಸೆ ಆದವರೂ ಹೇಳಬೇಕು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಕೊಟ್ಟ ತೀರ್ಪಿನಲ್ಲಿ ನನಗೆ ತುಂಬ ಹಿಡಿಸಿದ ಒಂದು ಅಂಶ ಇದೆ. ಮುಚ್ಚಿಟ್ಟಿದ್ದಾನೆ ಎಂದು ಹೇಳಬೇಕಾದರೆ ನಮೂನೆಯ ಪ್ರಶ್ನೆ ಸ್ಪಷ್ಟವಾಗಿರಬೇಕು, ಸ್ಪಷ್ಟವಾಗಿ ಕೇಳಿದ್ದನ್ನಷ್ಟೇ ಹೇಳಬೇಕು ಎಂದು. ನಿಜ ಹೇಳಿದರೂ ಕೆಲಸ ಕೊಡುವ ತೀರ್ಮಾನ ಇಲಾಖೆಯದೇ ಎಂದೂ ಅದೇ ತೀರ್ಪು ಹೇಳುತ್ತದೆ.

ಹುಡುಗ ಈಗ ಕೆಲಸಕ್ಕೆ ಹೋಗುತ್ತಿದ್ದಾನೆ. ತಾನು ಭರ್ತಿ ಮಾಡಿದ ಎಸ್‌ಎಫ್ 86ರ ಒಂದು ಪ್ರತಿಯನ್ನು ಕೋರ್ಟಿನ ಆದೇಶದ ಜೊತೆ ನೀಲಿ ಫೈಲಿನಲ್ಲಿ ಇಟ್ಟುಕೊಂಡಿದ್ದಾನೆ. ಮುಂದೆ ಮತ್ತೆ ಬರೆಯಬೇಕಾದಾಗ ಅದೇ ದಿನಾಂಕ, ಅದೇ ಲೆಕ್ಕ ಇರಬೇಕಲ್ಲ. ಹೋದ ತಿಂಗಳು ಅವರ ಮನೆಗೆ ಹೋಗಿದ್ದಾಗ ರೇಂಜರ್ ಕೆಲಸಕ್ಕೆ ಮತ್ತೆ ಅರ್ಜಿ ಕರೆದಿದ್ದಾರೆ ಎಂದ. ಫಾರ್ಮು ತೆರೆದೇ ಇತ್ತು. ಆ ಪ್ರಶ್ನೆಗೆ "ಹೌದು" ಆಗಲೇ ತುಂಬಿತ್ತು. ಅವರಮ್ಮ ಪಕ್ಕದಲ್ಲಿ ಕೂತು ತಾರೀಖು ಓದಿ ಹೇಳುತ್ತಿದ್ದಳು.